ಜೇನುಬಂಡೆಯ ಮದ್ದು

ಓಬಳೇಶಪ್ಪನ ಬಲಗೈಯಲ್ಲಿ ಬೆರಳು ಇದ್ದದ್ದೇ ಮೂರು. ಆ ಮೂರು ಬೆರಳಿನ ಕೈ ಮಾಡಿದ ಅನಾಹುತ ನೋಡಿದರೆ, ಐದೂ ಇದ್ದಿದ್ದರೆ ದುರ್ಗದ ಜನರ ಗತಿ ಏನಾಗುತ್ತಿತ್ತೋ ಶಿವನೇ ಬಲ್ಲ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನ ಎರಡು ಹಲ್ಲು, ಬಿ.ದುರ್ಗದಲ್ಲಿ ಸ್ವಂತ ಷಡ್ಡಕನ ಕಿವಿಯ ತಮಟೆ, ಹೊಸದುರ್ಗದ ಕ್ವಾರಿಯಲ್ಲಿ ಮೇಸ್ತ್ರಿಯ ದವಡೆ. ಹೋದ ಹೋದ ಊರಲ್ಲೆಲ್ಲ ಗುರುತು ಬಿಟ್ಟು ಬಂದ ಕೈ ಅದು. ಜನ ಅವನನ್ನು ಮದ್ದಿನ ಓಬಳೇಶಪ್ಪ ಅನ್ನುತ್ತಿದ್ದರು. ಮೂವತ್ತು ವರ್ಷ ಬಂಡೆಗೆ ತೂತು ಹೊಡೆದು, ಮದ್ದು ತುಂಬಿ, ಸಿಡಿಸಿದವನು ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಆ ಕೈ ಅಳಿಯನ ಮೇಲೂ ಬಿತ್ತು. ಮಗಳು ಮೇಘಶ್ರೀಯನ್ನು ಹಿರಿಯೂರಿಗೆ ಕೊಟ್ಟು ಇನ್ನೂ ಆರು ತಿಂಗಳಾಗಿರಲಿಲ್ಲ. ಯುಗಾದಿಯ ಮಾರನೇ ದಿನ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಅಳಿಯ ಪ್ರದೀಪ, "ಸಾರಿಗೆ ಉಪ್ಪೇ ಹಾಕಿಲ್ವಲ್ಲೇ," ಅಂದ. ನಗುತ್ತಲೇ ಅಂದ ಪುಣ್ಯಾತ್ಮ. ಓಬಳೇಶಪ್ಪನಿಗೆ ಆ ನಗು ಕಾಣಲಿಲ್ಲ. ತನ್ನ ಮಗಳನ್ನು ಒಬ್ಬ ಗಂಡಸು ಎಲ್ಲರೆದುರು ಅಂದ ಎನ್ನುವುದಷ್ಟೇ ತಲೆಗೆ ಹೋಯಿತು. ಕೂತಿದ್ದ ಮಣೆ ಅದು ಹೇಗೆ ಕೈಗೆ ಬಂತೋ, ಹೇಗೆ ಮೇಲೆದ್ದಿತೋ. ಪ್ರದೀಪನ ಹೆಗಲ ಮೂಳೆ ಒಣಕಟ್ಟಿಗೆ ಮುರಿದಂತೆ ಮುರಿಯಿತು. ಎಲೆಯ ಮೇಲಿನ ಅನ್ನಕ್ಕೆ ರಕ್ತ ಹನಿಯಿತು.

ಮೇಘಶ್ರೀ ಆಸ್ಪತ್ರೆಯಲ್ಲಿ ನರ್ಸು. ಅವಳು ಕೂಗಾಡಲಿಲ್ಲ, ಅಳಲಿಲ್ಲ. ದುಪಟ್ಟಾ ಹರಿದು ಗಂಡನ ತೋಳು ಕಟ್ಟಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಇನ್ನೊಂದು ಏಟು ಯಾರ ಮ್ಯಾಲಾದ್ರೂ ಬಿತ್ತು ಅಂತ ನನ್ ಕಿವಿಗೆ ಬಿದ್ರೆ, ನಿನಗೊಬ್ಳು ಮಗಳಿದ್ಳು ಅನ್ನಾದೇ ಮರ್ತುಬಿಡು."

ಹೆಂಡತಿ ಸತ್ತ ಮೇಲೆ ಒಬ್ಬನೇ ಸಾಕಿ ಬೆಳೆಸಿದ ಮಗಳು. ಓಬಳೇಶಪ್ಪ ಹಿರಿಯೂರಿಂದ ಬಸ್ಸಿನಲ್ಲಿ ವಾಪಸ್ ಬರುವಾಗ ಆ ಕೈಯನ್ನು ಪಂಚೆಯಲ್ಲಿ ಸುತ್ತಿಕೊಂಡು ಕೂತಿದ್ದ. ನಾಚಿಕೆ, ಮತ್ತೇನಿಲ್ಲ.

ಅವನ ಅಕ್ಕ ಜಯಕ್ಕ, ಅಂಗನವಾಡಿ ಟೀಚರಾಗಿ ರಿಟೈರಾದವಳು, ತಮ್ಮನ ಜೊತೆಯಲ್ಲೇ ಇದ್ದವಳು, ಅವನನ್ನು ಎಳೆದುಕೊಂಡು ಹೋಗಿ ಮನಸ್ಸಿನ ಡಾಕ್ಟರ ಮುಂದೆ ಕೂರಿಸಿದಳು. ಡಾಕ್ಟರು ವಯಸ್ಸಾದವರು. ಎಲ್ಲ ಕೇಳಿದರು. ರಾತ್ರಿ ನಿದ್ದೆಗೆಂದು ಒಂದು ಮಾತ್ರೆ ಬರೆದರು. ಆಮೇಲೆ ಪೆನ್ನು ಮುಚ್ಚಿ, "ದಿನಾ ಒಂದು ತಾಸು, ಜೀವ ಇರೋ ಯಾವ್ದಾದ್ರೂ ಒಂದನ್ನ ನೋಡ್ರಿ. ಹಕ್ಕಿನೋ, ಇರುವೆನೋ. ಹಿಡಿಯಂಗಿಲ್ಲ, ಓಡಿಸಂಗಿಲ್ಲ. ಸುಮ್ನೆ ಕುಂತು ನೋಡ್ರಿ," ಅಂದರು.

"ಮದ್ದು?"

"ಇದೇ ಮದ್ದು ಕಣ್ರಿ."

ಓಬಳೇಶಪ್ಪನಿಗೆ ನಗು ಬಂತು. ಅವನ ಪಾಲಿಗೆ ಮದ್ದು ಅಂದರೆ ಒಂದೇ: ತೂತಿನೊಳಗೆ ತುಂಬಿ, ಮಣ್ಣಲ್ಲಿ ಬಾಯಿ ಮುಚ್ಚಿ, ಬತ್ತಿ ಹಚ್ಚಿ ಓಡುವಂಥದ್ದು. ಜ್ವರಕ್ಕೆ ನುಂಗುವುದನ್ನು ಅವನು ಗುಳಿಗೆ ಅನ್ನುತ್ತಿದ್ದ, ಹೊಲಕ್ಕೆ ಹೊಡೆಯುವುದನ್ನು ಎಣ್ಣೆ ಅನ್ನುತ್ತಿದ್ದ. ಎರಡು ಬೆರಳು ತಿಂದ ಪದವನ್ನು ಬೇರೆ ಯಾವುದಕ್ಕೂ ಬಳಸಲು ಅವನಿಗೆ ಬಾಯಿ ಬರುತ್ತಿರಲಿಲ್ಲ.

ಆದರೂ ಮಗಳನ್ನು ಉಳಿಸಿಕೊಳ್ಳುವ ಆಸೆ. ಮೊದಲು ಜೋಗಿಮಟ್ಟಿ ಕಾಡಿಗೆ ಹೋದ, ನವಿಲು ನೋಡಲು. ನವಿಲು ಇವನ ಮುಖ ಕಂಡದ್ದೇ ಪೊದೆ ಸೇರಿದವು. ನಾಲ್ಕು ದಿನ ಬೇಲಿ ಕಾದು, "ಥೂ ಇದರಜ್ಜಿ," ಅಂತ ಬೈದು ಮನೆಗೆ ಬಂದ. ಐದನೇ ದಿನ ಬೆಳಿಗ್ಗೆ ಮನೆಯ ಹಿಂದಿನ ಹೊಂಡದ ಮೆಟ್ಟಿಲ ಮೇಲೆ ಸುಮ್ಮನೆ ಕೂತವನು ತಲೆ ಎತ್ತಿದ. ಎದುರಿನ ಬಂಡೆಯ ಹೊಟ್ಟೆಗೆ ಹೆಜ್ಜೇನು ಕಟ್ಟಿತ್ತು. ಒಂದಲ್ಲ, ಏಳು ಹುಟ್ಟು. ಅರವತ್ತು ವರ್ಷ ಆ ಬಂಡೆಯ ಕೆಳಗೇ ಓಡಾಡಿದ್ದ, ಒಂದು ದಿನವೂ ನಿಂತು ನೋಡಿರಲಿಲ್ಲ.

ಹೊಂಡ ಕೋಟೆಯ ಬುಡದಲ್ಲಿದೆ. ಅದರ ಸುತ್ತ ಇರುವುದು ಉಳಿಗೇರಿ. ಉಳಿ ಹಿಡಿದು ಬಂದ ತೆಲುಗಿನವರು, ಪಾತ್ರೆಗೆ ಕಲಾಯಿ ಹಾಕುವ ಉರ್ದು ಮಾತಿನವರು, ಕಂಬಳಿ ನೇಯುವವರು, ಮರಾಠಿ ದರ್ಜಿಗಳು, ಎಲ್ಲ ಒಂದೇ ಓಣಿ. ಒಂದು ಮನೆಯ ಜಗಳ ನಾಲ್ಕು ಭಾಷೆಯಲ್ಲಿ ಬಿಡಿಸಬೇಕು. ಹೊಂಡ ಕಟ್ಟಿದ ಕಾಲದಲ್ಲಿ ಯಾವ ಮನೆತನ ಯಾವ ಮೆಟ್ಟಿಲು ಕಡೆಯಿತೋ ಆ ಮೆಟ್ಟಿಲಲ್ಲಿ ಅದರ ಗುರುತು ಕೊರೆದಿದೆ: ಮೀನು, ಕತ್ತರಿ, ಅರ್ಧಚಂದ್ರ, ಕುಡುಗೋಲು. ಓಬಳೇಶಪ್ಪನ ಮನೆತನದ್ದು ಏಡಿ. ಮಳೆಗೆ ಹೊಂಡ ತುಂಬಿದ ದಿನ ಪ್ರತಿ ಮನೆಯವರೂ ತಮ್ಮ ಮೆಟ್ಟಿಲ ಮೇಲೆ ಒಂದು ದೀಪ ಇಡುತ್ತಾರೆ. ಯಾವ ದೇವರ ಹೆಸರೂ ಹೇಳುವುದಿಲ್ಲ.

ಏಡಿಯ ಮೆಟ್ಟಿಲ ಮೇಲೆ ಓಬಳೇಶಪ್ಪ ದಿನಾ ಕೂರತೊಡಗಿದ. ಒಂದು ಬೆಳಿಗ್ಗೆ ದೊಡ್ಡ ಕಡಜದ ಹುಳವೊಂದು ಜೇನಿನ ಹತ್ತಿರ ಹಾರಾಡಿತು. ಈಗ ನೋಡು ಸಿಗಿದು ಹಾಕುತ್ತವೆ ಅಂದುಕೊಂಡ. ಅವು ಹಾಗೆ ಮಾಡಲಿಲ್ಲ. ಹುಟ್ಟಿನ ಮೇಲಿದ್ದ ಸಾವಿರಾರು ನೊಣ ಒಂದರ ಪಕ್ಕ ಒಂದು ಬಾಲ ಎತ್ತಿದವು. ಒಂದು ಅಲೆ ಈ ತುದಿಯಿಂದ ಆ ತುದಿಗೆ ಫಳ್ಳನೆ ಓಡಿತು. ಕಡಜ ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಅಲೆ. ಮೂರನೇ ಅಲೆಗೆ ಹೊರಟೇ ಹೋಯಿತು. ಒಂದು ಕೊಂಡಿಯೂ ಖರ್ಚಾಗಲಿಲ್ಲ.

"ಅಲಲಲಾ!" ಅಂದ ಓಬಳೇಶಪ್ಪ. ಲಕ್ಷ ಕೊಂಡಿ ಇಟ್ಟುಕೊಂಡ ಜೀವ ಮೊದಲು ಅಲೆ ಎಬ್ಬಿಸುತ್ತದೆ. ಆಮೇಲೂ ಕೇಳದಿದ್ದರೆ ಮಾತ್ರ ಕೊಂಡಿ. ಇನ್ನೊಂದು ದಿನ ಹಠಮಾರಿ ಕಡಜವೊಂದು ಅಲೆಗೆ ಬಗ್ಗದೆ ನುಗ್ಗಿದಾಗ, ನೊಣಗಳು ಉಂಡೆಯಾಗಿ ಮುತ್ತಿ ಅದನ್ನು ತಮ್ಮ ಮೈಯ ಕಾವಿನಲ್ಲೇ ಬೇಯಿಸಿ ಕೊಂದದ್ದನ್ನೂ ಅವನು ನೋಡಿದ. ಕಡಜದ ರೆಕ್ಕೆ ಅವನ ಕಾಲ ಬುಡಕ್ಕೇ ಬಂದು ಬಿತ್ತು. ಅವತ್ತು ಮನೆಗೆ ಹೋಗಿ ಅಕ್ಕನಿಗೆ ಹೇಳಿದ, "ನನಗೆ ಅಲೆನೇ ಇರಲಿಲ್ಲ ಕಣಕ್ಕ. ಸೀದಾ ಕೊಂಡಿ."

ಅವನೊಂದು ಅಲೆ ಮಾಡಿಕೊಂಡ. ಸಿಟ್ಟು ಬಂದಾಗ ಅಂಗೈಯನ್ನು ತೊಡೆಯ ಮೇಲೆ ಮೂರು ಸಲ ನಿಧಾನ ಎಳೆಯುವುದು. ಮೂರನೇ ಸಲಕ್ಕೆ ಎದುರಿನವನು ಹೋಗಿರುತ್ತಿದ್ದ, ಇಲ್ಲವೇ ಸಿಟ್ಟು ಹೋಗಿರುತ್ತಿತ್ತು. ಎರಡು ಹಂಗಾಮು ಜೇನು ಬಂದು ಹೋದವು. ಎರಡು ವರ್ಷ ಒಂದು ಏಟೂ ಬೀಳಲಿಲ್ಲ. ನಂಬುವುದು ಕಷ್ಟ, ಆದರೆ ಓಬಳೇಶಪ್ಪ ಸುಖವಾಗಿದ್ದ. ಬೆಳಿಗ್ಗೆ ಎದ್ದರೆ ಹೊಂಡದ ಕಡೆ ಕಾಲು ತಾವೇ ಎಳೆಯುತ್ತಿದ್ದವು.

ಮೇಘಶ್ರೀಗೆ ಏಳು ತಿಂಗಳು ತುಂಬಿತು. "ಚೊಚ್ಚಲ ಬಾಣಂತನಕ್ಕೆ ನಮ್ಮನಿಗೇ ಬರ್ತೀನಿ," ಎಂದು ಅವಳೇ ಫೋನ್ ಮಾಡಿದಳು. "ಆದ್ರೆ ನಾನು ಅವತ್ತು ಹೇಳಿದ್ ಮಾತು ಹಂಗೇ ಐತೆ ಅಪ್ಪಾ."

"ಐತವ್ವ, ಐತೆ," ಅಂದ. ಫೋನ್ ಇಟ್ಟ ಮೇಲೆ ಗೋಡೆಗೆ ಮುಖ ಮಾಡಿ ಅತ್ತ.

ಅದೇ ಸಮಯಕ್ಕೆ ಹೊಂಡದ ಕೆಲಸ ಶುರುವಾಗಿತ್ತು. ಓಣಿಯ ನಾಲ್ಕೂ ಭಾಷೆಯವರನ್ನು ಸೇರಿಸಿ ಕಮಿಟಿ ಮಾಡಿದವಳು ಜಯಕ್ಕನೇ. ಅರ್ಜಿ ಕೊಟ್ಟು, ಆಫೀಸು ಸುತ್ತಿ, ಕೊನೆಗೆ ಹೂಳು ತೆಗೆಸುವ, ಮೆಟ್ಟಿಲು ಸರಿಮಾಡುವ ಕೆಲಸ ತಂದಿದ್ದಳು. ಕೆಲಸಕ್ಕೆ ಬಂದ ಸೂಪರ್‌ವೈಸರ್ ಚಂದ್ರು, ಧರ್ಮಪುರದ ಕಡೆಯ ಹುಡುಗ, ಇಪ್ಪತ್ತೆಂಟು ವಯಸ್ಸು. ಅರ್ಧ ತೆಲುಗು, ಅರ್ಧ ಕನ್ನಡ, ಕಿವಿಯಲ್ಲಿ ಯಾವಾಗಲೂ ಹಾಡಿನ ವೈರು. ಒಂದು ಗುರುತೂ ಕಳೆಯಬಾರದೆಂದು ಪ್ರತಿ ಮೆಟ್ಟಿಲಿಗೂ ಸೀಮೆಸುಣ್ಣದಲ್ಲಿ ನಂಬರ್ ಬರೆದಿದ್ದ. ಓಬಳೇಶಪ್ಪನಿಗೆ ಆ ನಂಬರ್ ಹಿಡಿಸಿರಲಿಲ್ಲ. ಕ್ವಾರಿಯಲ್ಲಿ ನಂಬರ್ ಬಿದ್ದ ಕಲ್ಲು ಅಂದರೆ ಲಾರಿ ಹತ್ತುವ ಕಲ್ಲು. ಆದರೂ ಹುಡುಗ ಒಳ್ಳೆಯವನು ಅನ್ನಿಸಿ ಸುಮ್ಮನಿದ್ದ.

"ಬಂಡೆ ಬಿರುಕಿನಾಗೆ ಅರಳಿಗಿಡ ಬೇರು ಬಿಟ್ಟೈತಂತೆ ಕಣೋ, ಹಂಗೇ ಬಿಟ್ರೆ ಬಂಡೆ ಸೀಳಿ ಹೊಂಡಕ್ಕೆ ಬೀಳತೈತಂತೆ. ಅದಕ್ಕೇನೋ ಮಾಡ್ತಾರಂತೆ," ಎಂದು ಜಯಕ್ಕ ಹೇಳಿದ್ದಳು. ಓಬಳೇಶಪ್ಪ ಮಗಳ ಕೋಣೆಗೆ ಸುಣ್ಣ ಹೊಡೆಯುತ್ತಿದ್ದ. ಹೂಂ ಅಂದ. ಕಿವಿಗೆ ಹೋಗಲಿಲ್ಲ.

ಶುಕ್ರವಾರ ಹತ್ತೂವರೆ ಬಸ್ಸಿಗೆ ಮೇಘಶ್ರೀ ಬರುವವಳು. ಬೆಳಿಗ್ಗೆ ಓಬಳೇಶಪ್ಪ ಬರಿ ಮೈಮೇಲೆ ಕಂಬಳಿ ಹಾಕಿಕೊಂಡು ಮಾರ್ಕೆಟ್ಟಿಗೆ ಹೋಗಿ ಸಬ್ಬಸಿಗೆ ಸೊಪ್ಪು ತಂದ. ಓಣಿಯ ತಿರುವಿನಲ್ಲಿ ಸದ್ದು ಕೇಳಿತು. ಆ ಸದ್ದು ಅವನಿಗೆ ಕನಸಿನಲ್ಲಿ ಕೇಳಿದರೂ ಎಚ್ಚರವಾಗುತ್ತದೆ. ಡ್ರಿಲ್ಲಿಂಗ್ ಮಷೀನು. ಕಲ್ಲಿಗೆ ತೂತು ಬೀಳುತ್ತಿದೆ.

ಓಡಿದ. ಜೇನುಬಂಡೆಯ ಬಲ ಪಕ್ಕೆಯಲ್ಲಿ, ಕಟ್ಟೆಯ ಮೇಲೆ ಇಬ್ಬರು ಕೂಲಿಯವರು, ಪಕ್ಕದಲ್ಲಿ ಚಂದ್ರು. ಬಿರುಕಿನ ಉದ್ದಕ್ಕೂ ತೂತು. ಮೇಲೆ ಜೇನಿನ ಹುಟ್ಟುಗಳಲ್ಲಿ ಅಲೆಯ ಮೇಲೆ ಅಲೆ.

"ಏನ್ ಮಾಡ್ತಿದೀಯಲೇ?"

ಚಂದ್ರು ಒಂದು ಕಿವಿಯ ವೈರು ತೆಗೆದ. "ಏಮಿ ತಾತಾ? ಓ, ಇದಾ. ಆರು ತೂತು ಹೊಡೀತೀವಿ, ಮದ್ದು ತುಂಬ್ತೀವಿ, ಮಣ್ಣಾಗೆ ಬಾಯಿ ಮುಚ್ತೀವಿ. ಬುಡಸಮೇತ ಹೋಗತೈತೆ."

ಆರು ತೂತು, ಮದ್ದು, ಮಣ್ಣು. ಓಬಳೇಶಪ್ಪ ಮೂವತ್ತು ವರ್ಷ ಮಾಡಿದ ಕೆಲಸವನ್ನು ಹುಡುಗ ಮೂರು ಮಾತಿನಲ್ಲಿ ಒಪ್ಪಿಸಿದ್ದ. ಬಂಡೆ ಹಾರುತ್ತದೆ. ಜೇನು ಹಾರುತ್ತದೆ. ನಂಬರ್ ಬಿದ್ದ ಮೆಟ್ಟಿಲು ಲಾರಿ ಹತ್ತುತ್ತವೆ. ಅವನ ಕಣ್ಣು ಮಂಜಾಯಿತು.

"ಯಾರ್ ಹೇಳಿದ್ದು?"

"ನಿಮ್ಮಕ್ಕಾರೇ ಸೈನ್ ಹಾಕಿದಾರಲ್ಲ ತಾತಾ."

ಓಬಳೇಶಪ್ಪ ಅಂಗೈಯನ್ನು ತೊಡೆಯ ಮೇಲೆ ಎಳೆದ. ಒಂದು. "ಬ್ಯಾಡಪ್ಪ. ನಿಲ್ಸು," ಅಂದ. ಮಷೀನಿನ ಸದ್ದಿನಲ್ಲಿ ಆ ಮಾತು ಚಂದ್ರುವಿಗೆ ಕೇಳಿಸಲಿಲ್ಲ. ಎರಡು. "ನಿಲ್ಸು ಅಂದ್ನಲ್ಲ!" ಚಂದ್ರು ನಗುತ್ತಾ ಅವನ ಎದೆಗೆ ಕೈಯಿಟ್ಟು ಮೆಲ್ಲಗೆ ಹಿಂದೆ ಸರಿಸಿದ. "ಅತ್ತಾಗ್ ಜರುಗು ತಾತಾ, ಕಣ್ಣಿಗೆ ಗಿಣ್ಣಿಗೆ ಬಿದ್ದಾತು."

ಮೂರನೆಯದು ಬರಲಿಲ್ಲ.

ಸೊಪ್ಪಿನ ಕಟ್ಟು ಎಡಗೈಯಲ್ಲಿ ಇರುವಾಗಲೇ ಬಲಗೈ ಚಂದ್ರುವಿನ ಮೂಗಿನ ಮೇಲೆ ಬಿತ್ತು. ಮೂಗು ಪಕ್ಕಕ್ಕೆ ವಾಲಿತು, ರಕ್ತ ಗಲ್ಲದವರೆಗೆ ಇಳಿಯಿತು. "ಅಮ್ಮಾ!" ಅಂದ ಹುಡುಗ. ಎರಡನೇ ಏಟು ಬಾಯಿಗೆ. ಚಂದ್ರು ಮೊಣಕಾಲೂರಿ ಬಿದ್ದ. ಓಬಳೇಶಪ್ಪ ಅವನ ಪಕ್ಕೆಗೆ ಒದ್ದ, ಮತ್ತೆ ಒದ್ದ, ಕಟ್ಟೆಗೆ ಒರಗಿಸಿದ್ದ ಹಾರೆ ಎತ್ತಿಕೊಂಡ. "ಬಂಡೆ ಹಾರಿಸ್ತೀಯೇನಲೇ, ಬಂಡೆ!" ಕೂಲಿಯವರು ಮಷೀನು ಬಿಟ್ಟು ದೂರ ನೆಗೆದರು. ಹಾರೆ ಬೀಸಿದ. ಚಂದ್ರು ಉರುಳಿದ್ದರಿಂದ ತಲೆ ಉಳಿಯಿತು. ಹಾರೆಯ ಏಟು ಪಕ್ಕದಲ್ಲಿದ್ದ ಕ್ಯಾನಿಗೆ ಬಿದ್ದು, ಅದನ್ನು ಒಡೆದು, ಮಷೀನಿಗೆ ಬಡಿಯಿತು. ಮಷೀನು ಗರಗರ ತಿರುಗುತ್ತಲೇ ಉರುಳಿ ಹೋಗಿ ಜೇನಿನ ಕೆಳಗಿನ ಕಲ್ಲಿಗೆ ಖಣ್ ಖಣ್ ಅಂತ ಬಡಿಯತೊಡಗಿತು.

ಒಡೆದ ಕ್ಯಾನಿನಿಂದ ಹಳದಿ ನೀರು ಹರಿಯಿತು. ವಾಸನೆ ಮೂಗಿಗೆ ಹೊಡೆಯಿತು. ಸಿಡಿಮದ್ದಿನ ವಾಸನೆ ಅವನಿಗೆ ತಾಯಿಯ ವಾಸನೆಗಿಂತ ಚೆನ್ನಾಗಿ ಗೊತ್ತು. ಇದು ಅದಲ್ಲ. ಇದು ಹೊಲದಲ್ಲಿ ಕಳೆ ಸಾಯಲು ಹೊಡೆಯುವ ಎಣ್ಣೆ. ಅರಳಿಯ ಬೇರು ಸಾಯಿಸಲು ತಂದದ್ದು. ಬಂಡೆ ಉಳಿಸಲು ತಂದದ್ದು.

"ಅಯ್ಯೋ ಶಿವನೇ," ಅಂದ ಓಬಳೇಶಪ್ಪ. ಹಾರೆ ಕೈಯಿಂದ ಜಾರಿತು.

ಮೇಲೆ ನೋಡಿದ. ದೊಡ್ಡ ಹುಟ್ಟಿನ ಮೇಲೆ ಒಂದು ಅಲೆ ಓಡಿತು. ಎರಡನೆಯದು ಓಡಿತು. ಮೂರನೆಯದು ಅಲ್ಲಿಯೂ ಬರಲಿಲ್ಲ. ಏಳೂ ಹುಟ್ಟಿನ ನೊಣ ಒಟ್ಟಿಗೆ ಸಡಿಲಿ ಕೆಳಕ್ಕೆ ಸುರಿದವು.

ಕೂಲಿಯವರು ಅಂಗಿ ತಲೆಗೆಳೆದುಕೊಂಡು ಓಣಿಗೆ ಓಡಿದರು. ಚಂದ್ರುವಿನ ಮುಖವೆಲ್ಲ ರಕ್ತವಾಗಿತ್ತು, ಅದರ ಮೇಲೆ ಹುಳ ಮುತ್ತಿದವು. ಕೈ ಬೀಸಿದಷ್ಟೂ ಮುತ್ತಿದವು. ಅವನು ಕಿರುಚುತ್ತಾ ದಿಕ್ಕು ಕಾಣದೆ ಮೆಟ್ಟಿಲಿಳಿದು ಹೊಂಡಕ್ಕೆ ಬಿದ್ದ. ಹುಳ ನೀರಿನ ಮೇಲೇ ಸುತ್ತುತ್ತಾ ಕಾದವು. ತಲೆ ಮೇಲೆ ಬಂದ ಕೂಡಲೇ ಕೂದಲಿಗೆ, ತುಟಿಗೆ, ಕಣ್ಣಿನ ರೆಪ್ಪೆಗೆ ಚುಚ್ಚಿದವು.

ಓಬಳೇಶಪ್ಪ ಹೆಗಲ ಮೇಲಿನ ಕಂಬಳಿ ಹೊದ್ದು ಇಳಿದ. ಓಡಿದರೆ ಇನ್ನೂ ಕೆರಳುತ್ತವೆ ಅಂತ ಗೊತ್ತಿತ್ತು, ನಡೆದೇ ಹೋದ. ನೀರಿನಂಚಿನ ಏಡಿಯ ಮೆಟ್ಟಿಲ ಮೇಲೆ ನಿಂತು ಕೈ ಚಾಚಿದ. "ಹಿಡ್ಕಳಪ್ಪ. ಹಿಡ್ಕ."

ಚಂದ್ರು ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದ. ಆ ಮೂರು ಬೆರಳಿನ ಕೈ ಕಂಡದ್ದೇ ಎರಡೂ ತೋಳು ಮುಖಕ್ಕೆ ಅಡ್ಡ ಹಿಡಿದ. "ಹೊಡೀಬ್ಯಾಡ ತಾತಾ... ನೀ ಕಾಳ್ಳು ಪಟ್ಟುಕುಂಟಾ... ನಿನ್ ಕಾಲ್ ಹಿಡ್ಕಂತೀನಿ... ಹೊಡೀಬ್ಯಾಡ!" ಎಂದು ಒಂದು ಹೆಜ್ಜೆ ಹಿಂದೆ ಇಟ್ಟ. ಹಿಂದೆ ಆಳ. ಹುಡುಗನಿಗೆ ಈಜು ಬರುತ್ತಿರಲಿಲ್ಲ.

ಇಷ್ಟು ವರ್ಷ ಇಷ್ಟು ಜನರನ್ನು ಹೊಡೆದವನು, ಹೊಡೆದ ಮೇಲೆ ಯಾರ ಮುಖವನ್ನೂ ಓಬಳೇಶಪ್ಪ ನೋಡಿರಲಿಲ್ಲ. ಹೊಡೆದ, ತಿರುಗಿದ, ನಡೆದ, ಅಷ್ಟೇ. ಈಗ ನೋಡಲೇಬೇಕಾಯಿತು. ಊದಿದ ಕಣ್ಣು, ವಾಲಿದ ಮೂಗು, ಲಕ್ಷ ಕೊಂಡಿಗಿಂತ ತನ್ನ ಕೈಗೇ ಹೆಚ್ಚು ಹೆದರಿದ ಮುಖ.

ಅವನು ಕೈ ಹಿಂದೆಗೆದುಕೊಂಡ. ಏಡಿಯ ಮೇಲೆ ದಿನಾ ಕೂರುವ ಹಾಗೆಯೇ ಕೂತ. ಕಂಬಳಿಯನ್ನು ಮೈಯಿಂದ ತೆಗೆದು, ಒಂದು ಅಂಚು ತನ್ನ ಕಾಲ ಕೆಳಗಿಟ್ಟು, ಉಳಿದದ್ದನ್ನು ನೀರಿನ ಮೇಲೆ ಹಾಸಿದ.

"ನಾನ್ ಬರಲ್ಲಪ್ಪ. ಎದ್ದೇಳಲ್ಲ. ಕಂಬಳಿ ಹಿಡ್ಕ, ಸಾಕು."

ಬರಿ ಮೈಗೆ ಹುಳ ಕೂತವು. ಬೋಳು ತಲೆ, ಕಿವಿ, ಬೆನ್ನು, ಕತ್ತು. ಕೆಂಡ ಸುರಿದ ಹಾಗಾಗುತ್ತಿತ್ತು. ಅವನು ಅಲುಗಾಡಲಿಲ್ಲ. ಚಂದ್ರು ಒಂದು ಸಲ ಮುಳುಗಿ ಎದ್ದ. ಎರಡನೇ ಸಲ ಮುಳುಗಿದ, ಗುಳ್ಳೆ ಬಂತು. ಓಬಳೇಶಪ್ಪ ಬಾಯಲ್ಲಿ ಮಗಳ ಹೆಸರು ಹೇಳಿಕೊಳ್ಳುತ್ತಿದ್ದ, ಯಾಕೆಂದು ಅವನಿಗೇ ಗೊತ್ತಿರಲಿಲ್ಲ. ಆಗ ಕಂಬಳಿಯ ಆ ತುದಿ ಜಗ್ಗಿತು.

ಮೆಲ್ಲಗೆ ಎಳೆದ. ಹುಡುಗ ಮೆಟ್ಟಿಲಿಗೆ ಬಂದು ಬಿದ್ದ ಮೇಲೆ ಒದ್ದೆ ಕಂಬಳಿಯನ್ನು ಅವನ ಮೇಲೆಯೇ ಪೂರ್ತಿ ಮುಚ್ಚಿದ. ತಾನು ಹೊರಗೇ ಕೂತ. ಜಯಕ್ಕ, ಕಲಾಯಿ ಬಾಷಾಸಾಬ್, ಓಣಿಯವರೆಲ್ಲ ಒದ್ದೆ ಗೋಣಿಚೀಲಕ್ಕೆ ಬೆಂಕಿ ಹಚ್ಚಿ ಹೊಗೆ ಎಬ್ಬಿಸಿಕೊಂಡು ಬರುವ ಹೊತ್ತಿಗೆ ಅವನ ಕಣ್ಣೆರಡೂ ಮುಚ್ಚಿಹೋಗಿದ್ದವು. ಹೊಗೆಗೆ ಹುಳ ಚದುರಿದವು.

ಕಣ್ಣು ಕಾಣದಿದ್ದರೂ ಮಗಳ ಹೆಜ್ಜೆ ಗೊತ್ತಾಯಿತು. ತುಂಬಿದ ಬಸುರಿಯ ಭಾರದ ಹೆಜ್ಜೆ. ಮೇಘಶ್ರೀ ಮೊದಲು ಚಂದ್ರುವಿನ ಹತ್ತಿರ ಕೂತಳು. ಆಂಬುಲೆನ್ಸಿಗೆ ಫೋನ್ ಮಾಡಿಸಿದಳು. ಉಗುರಿನಿಂದ ಒಂದೊಂದೇ ಕೊಂಡಿ ಕೆರೆದು ತೆಗೆದಳು. ಅವನನ್ನು ಕಳಿಸಿದ ಮೇಲೆ ಅಪ್ಪನ ಮುಂದೆ ಬಂದಳು.

"ಆ ಹುಡುಗನ ಮೂಗು ಹುಳ ಮುರಿದಿದ್ದಲ್ಲ," ಅಂದಳು.

"ಮೆಟ್ಲ ಮ್ಯಾಲೆ ಜಾರಿ ಬಿದ್ದ ಕಣವ್ವ," ಅಂದಳು ಜಯಕ್ಕ ಅವಸರದಲ್ಲಿ. "ಪಾಚಿ ನೋಡು ಎಷ್ಟೈತೆ."

ಓಬಳೇಶಪ್ಪ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಊದಿದ ತುಟಿ ಬಿಡಿಸಿ ಹೇಳಿದ, "ಇಲ್ಲ ಮಗಾ. ನಾನೇ ಹೊಡೆದೆ. ಅವ್ನು ಮದ್ದು ಅಂದ. ನಾನು ಆ ಮದ್ದು ಅಂದ್ಕಂಡೆ."

ಮೇಘಶ್ರೀ ಅವನ ಬಲಗೈ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಕೊಂಡಿ ಕೆರೆಯುತ್ತಾ ಹೋದಳು. ಕೊನೆಯದು ತೆಗೆದ ಮೇಲೆ ಆ ಕೈಯನ್ನು ಕಲ್ಲಿನ ಮೇಲೆ ಇಟ್ಟಳು.

"ಈ ಜಯತ್ತೆ ಮುಖ ನೋಡಿ ಇರ್ತೀನಿ. ಆದ್ರೆ ಈ ಕೈ ನನ್ ಮಗೂನ ಮುಟ್ಟಂಗಿಲ್ಲ. ಜೇನ್ ನೋಡ್ತೀಯಲ್ಲ, ಹಂಗೇ ನೋಡು. ದೂರ ಕುಂತ್ಕಂಡು."

ಚಂದ್ರು ಕಂಪ್ಲೇಂಟ್ ಕೊಟ್ಟ. ಕೊಡಲೇಬೇಕಾಗಿತ್ತು. ಓಬಳೇಶಪ್ಪ ಸ್ಟೇಷನ್ನಿನಲ್ಲೂ ಹೊಡೆದದ್ದು ಹೌದು ಅಂತಲೇ ಬರೆಸಿದ, ಈಗ ಕೋರ್ಟಿಗೆ ಅಲೆಯುತ್ತಿದ್ದಾನೆ. ಹುಡುಗ ತಿಂಗಳಾದ ಮೇಲೆ ಸೊಟ್ಟ ಮೂಗಿನಲ್ಲೇ ಬಂದು ಉಳಿದ ಕೆಲಸ ಮುಗಿಸಿದ. ಅರಳಿಯ ಬೇರು ಒಣಗಿತು, ಬಂಡೆ ಉಳಿಯಿತು, ನಂಬರ್ ಬರೆದ ಮೆಟ್ಟಿಲೆಲ್ಲ ಅವವುಗಳ ಜಾಗದಲ್ಲೇ ಕೂತವು. ಜೇನು ಮಾತ್ರ ಅವತ್ತೇ ಬಿಟ್ಟು ಹೋದವು. ಬಂಡೆಯ ಹೊಟ್ಟೆಯಲ್ಲಿ ಏಳು ಕಪ್ಪು ಕಲೆ ಇವೆ.

ಮೇಘಶ್ರೀಗೆ ಹೆಣ್ಣುಮಗು ಆಯಿತು. ತಿಂಗಳು ತುಂಬಿ ತೊಟ್ಟಿಲಿಗೆ ಹಾಕಿದರು. ಓಬಳೇಶಪ್ಪ ದಿನಾ ಹೊಸಿಲಿನ ಈಚೆ ಕೂತು ನೋಡುತ್ತಾನೆ. ಮಗು ಕಾಲು ಜಾಡಿಸಿದರೆ ಹೊದಿಸಿದ ಬಟ್ಟೆಯ ಮೇಲೆ ಒಂದು ಅಲೆ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಒಂದು ಮಧ್ಯಾಹ್ನ ಜಯಕ್ಕ ಹೊರಗೆ ಹೋಗಿದ್ದಳು, ಮೇಘಶ್ರೀ ನೀರು ಹಾಕಿಕೊಳ್ಳುತ್ತಿದ್ದಳು. ಮಗು ಎದ್ದು ಅಳತೊಡಗಿತು. ಉಸಿರು ಕಟ್ಟುವಂತೆ ಅತ್ತಿತು. ಓಬಳೇಶಪ್ಪ ಅರ್ಧ ಎದ್ದ. ಮತ್ತೆ ಕೂತ. ಎರಡೂ ಕೈಯನ್ನು ತೊಡೆಯ ಕೆಳಗೆ ತುರುಕಿಕೊಂಡ. "ಬಂದ್ಲು ಮಗಾ, ಬಂದ್ಲು ನಿಮ್ಮವ್ವ," ಅನ್ನುತ್ತಾ ಕೂತಲ್ಲೇ ಅತ್ತ.

ಬಚ್ಚಲ ಬಾಗಿಲಲ್ಲಿ ಮೇಘಶ್ರೀ ಒದ್ದೆ ಕೂದಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಅವಳು ತೊಟ್ಟಿಲ ಹತ್ತಿರ ಹೋದಳು, ಮಗುವನ್ನು ಎತ್ತಿಕೊಳ್ಳಲಿಲ್ಲ. ತೊಟ್ಟಿಲು ತೂಗುವ ಹಗ್ಗದ ತುದಿ ಬಿಚ್ಚಿ, ಹೊಸಿಲಿನ ಆಚೆಗೆ, ಅಪ್ಪನ ಮುಂದಕ್ಕೆ ಎಸೆದಳು.

"ಹಗ್ಗ ಹಿಡಿ. ಮೆಲ್ಲಗೆ."

ಓಬಳೇಶಪ್ಪ ತೊಡೆಯ ಕೆಳಗಿನಿಂದ ಬಲಗೈ ತೆಗೆದ. ಅಂಗೈಯನ್ನು ತೊಡೆಯ ಮೇಲೆ ಮೂರು ಸಲ ಎಳೆದ. ಆಮೇಲೆ ಹಗ್ಗ ಹಿಡಿದ.